ಹಂಗು ಮತ್ತು ಋಣ

ಕಿಟೆಲ್ ನಿಘಂಟಿನ ವಿಷಯ ಪಾಠಮಾಡುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಮತಪ್ರಚಾರಕ್ಕೆಂದು ಪರದೇಶದ ಹಣದಿಂದ ಬಂದವರಿಗೆ ನಾವೇಕೆ ಕೃತಜ್ಞರಾಗಿರಬೇಕು, ಸರ್?” ಎಂದು ಕೇಳಿದ. ಹುಡುಗ ಭದ್ರಾವತಿಯವನು, ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಗಂಟೆ ಬಾರಿಸಿದ್ದರಿಂದ ಅಂದು ನಾನು ಪಾರಾದೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಪ್ರಶ್ನೆಯ ಮೂಲ ಬಾಸೆಲ್ ಮಿಷನ್ನಿನ ಇತಿಹಾಸದಲ್ಲಿದೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆ ಅಪ್ಪಟ ಲೂಥರನ್ ಸಂಸ್ಥೆಯಲ್ಲ. ಅಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಒಂದಾಗಿದ್ದರು. ಆದರೆ ಅದರ ಕೆಲಸಗಾರರಲ್ಲಿ ಬಹುಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಲೂಥರನ್ ಮನೆತನಗಳವರು. 1833ರ ಸನ್ನದು ಕಂಪನಿ ಸರ್ಕಾರದ ನಾಡಿಗೆ ಬ್ರಿಟಿಷರಲ್ಲದ ಮಿಷನರಿಗಳ ದಾರಿಯನ್ನು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಇವರ ಬೆನ್ನಿಗಿದ್ದ ಹಣವೆಲ್ಲ ಶ್ರೀಮಂತರದೇ ಆಗಿರಲಿಲ್ಲ. ವಾರಕ್ಕೆ ಅರ್ಧ ಬಾಟ್ಸನ್ ಎಂಬ ಪುಡಿಕಾಸನ್ನು ಸಾಮಾನ್ಯ ಭಕ್ತರಿಂದ ಸಂಗ್ರಹಿಸುವ ಏರ್ಪಾಡು ಆ ಶತಮಾನದ ನಡುವಿನಲ್ಲಿ ಆರಂಭವಾಯಿತು. ಹನಿಹನಿಗೂಡಿ ಹಳ್ಳವಾದ ಹಣ ಅದು.

ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದವನು. ಅನುವಾದಕನಾದವನು ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯ ಇವರ ಬಾಯಿಮಾತಿಗೆ ಕಿವಿಗೊಡಬೇಕೆಂಬುದು ಅವನ ನಿಲುವು. ಆ ಸಂಸ್ಕಾರವನ್ನು ಹೊತ್ತುಬಂದವರು ಕನ್ನಡಕ್ಕೂ ಕಿವಿಗೊಟ್ಟರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದ, ದಾಸರ ಪದಗಳನ್ನು ಅಚ್ಚುಹಾಕಿಸಿದ. 1894ರಲ್ಲಿ ಫರ್ಡಿನಾಂಡ್ ಕಿಟೆಲ್ಲನ, ಸುಮಾರು 70,000 ಶಬ್ದಗಳ ನಿಘಂಟು ಹೊರಬಂತು. ಅದರಲ್ಲಿ ಹಳಗನ್ನಡ ಕಾವ್ಯದ ಪದಗಳ ಮಗ್ಗುಲಲ್ಲೇ ಹಳ್ಳಿಗರ ಗಾದೆಗಳೂ ಕುಳಿತಿವೆ.

ಇದು ಲೆಕ್ಕದ ಒಂದು ಮುಖ. ಮತಾಂತರಗೊಂಡವನು ಜಾತಿಯನ್ನು ಕಳೆದುಕೊಂಡಂತೆ ಜೀವನೋಪಾಯವನ್ನೂ ಕಳೆದುಕೊಳ್ಳುತ್ತಿದ್ದ. ಅವನಿಗಾಗಿ ಮಿಷನ್ನು ಮಗ್ಗಗಳನ್ನು ಹೂಡಿತು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅಲ್ಲಿಂದ ಹೆಸರು ಪಡೆದ ಮಂಗಳೂರು ಹೆಂಚು ನಮ್ಮ ಮಲೆನಾಡಿನ ಮನೆಗಳ ಮೇಲೂ ಏರಿತು. ಆದರೆ ಅನ್ನ ಕೊಡುವ ಧಣಿಯೇ ಆತ್ಮದ ಗುರುವೂ ಆದಲ್ಲಿ, ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ದೈವಾಧಿಕಾರ ಬೇರೆ, ಲೋಕಾಧಿಕಾರ ಬೇರೆ ಎಂದು ಬೋಧಿಸಿದ ಲೂಥರನ ಅನುಯಾಯಿಗಳೇ ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಬೇಕಾಯಿತು. ಮುಖ್ಯ ನಿರ್ಧಾರಗಳೋ, ಬಾಸೆಲಿನಲ್ಲಿ ಆಗುತ್ತಿದ್ದವು.

1914ರಲ್ಲಿ ಮಹಾಯುದ್ಧ ಬಂತು. ನಿನ್ನೆಯವರೆಗೆ ಗುರುಗಳಾಗಿದ್ದ ಜರ್ಮನರು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು, ಅನಂತರ ನಾಡಿನಿಂದ ಹೊರಗೆ ಕಳುಹಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. 1919ರ ವರ್ಸೇಲ್ಸ್ ಒಪ್ಪಂದದ 438ನೆಯ ವಿಧಿ ಜರ್ಮನ್ ಮಿಷನ್ನುಗಳ ಆಸ್ತಿಯನ್ನು ಧರ್ಮದರ್ಶಿಗಳ ಕೈಗೊಪ್ಪಿಸಲು ಹೇಳಿತು. ಊರಿನ ಭಕ್ತರನ್ನು ಕೇಳದೆ ಯೂರೋಪಿನ ರಾಜಕಾರಣ ಅವರ ಗುಡಿಯ ಹಣೆಬರಹವನ್ನು ಬರೆಯಿತು.

ದೂರದವರ ನಿರ್ಧಾರದಿಂದ ಒಲೆ ಆರುವ ಭಯವೇನೆಂಬುದನ್ನು ಭದ್ರಾವತಿಗೆ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಕಾರ್ಯಾರಂಭ ಮಾಡಿದ ಅಲ್ಲಿಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾದದ್ದು 2023ರಲ್ಲಿ, ಅದರ ನೂರನೆಯ ವರ್ಷದಲ್ಲಿ. ಅದೇ ವರ್ಷ ಕೆಲಸ ಒಂದಿಷ್ಟು ಮರಳಿ ಹೊತ್ತಿಕೊಂಡಿತೆಂಬುದು ನಿಜ. ಆದರೆ ಆ ನಡುವಿನ ತಿಂಗಳುಗಳ ಆತಂಕವನ್ನು ನನ್ನ ವಿದ್ಯಾರ್ಥಿ ಮನೆಯಲ್ಲೇ ಕಂಡವನು.

ಯುದ್ಧದ ಪೆಟ್ಟು ಬೇರೊಂದು ಪಾಠವನ್ನೂ ಕಲಿಸಿತು. ಜರ್ಮನಿಯ ಗಾಸ್ನರ್ ಮಿಷನ್ ಕಟ್ಟಿದ್ದ ರಾಂಚಿಯ ಲೂಥರನ್ ಸಭೆ 1919ರ ಜುಲೈ 10ರಂದು ತಾನು ಸ್ವತಂತ್ರವೆಂದು ಸಾರಿಕೊಂಡಿತು. ಪೋಷಕನಿಲ್ಲದೆ ನಿಂತಾಗಲೇ ಅದು ತನ್ನ ಕಾಲನ್ನು ಕಂಡುಕೊಂಡದ್ದು. ದೇಶ ಸ್ವತಂತ್ರವಾದ ಆರು ವಾರಗಳಲ್ಲಿ, 1947ರ ಸೆಪ್ಟೆಂಬರ್ 27ರಂದು, ದಕ್ಷಿಣ ಇಂಡಿಯಾ ಸಭೆ ಉದಯಿಸಿತು. ಹಳೆಯ ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ನರು ನೆಟ್ಟ ಸಭೆಗಳೂ, ಕರಾವಳಿಯಲ್ಲಿ ಬಾಸೆಲಿನವರು ನೆಟ್ಟ ಸಭೆಗಳೂ ಅದರಲ್ಲಿ ಕೂಡಿಕೊಂಡವು. 1968ರಲ್ಲಿ ಧಾರವಾಡದ ಕಡೆಯ ಸಭೆಗಳೂ ಬಂದು ಸೇರಿದವು.

ಪರದೇಶದ ಹಣದ ಮೇಲಿನ ಶಂಕೆ ಅಲ್ಲಿಗೆ ಮುಗಿಯಲಿಲ್ಲ. ವಿದೇಶಿ ದೇಣಿಗೆಯ ನಿಯಂತ್ರಣಕ್ಕೆ 1976ರಲ್ಲಿ ಒಂದು ಕಾನೂನು, 2010ರಲ್ಲಿ ಇನ್ನೊಂದು, 2020ರಲ್ಲಿ ಅದಕ್ಕೆ ಮತ್ತಷ್ಟು ಬಿಗಿ. ಹೊರಗಿನ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ರಾಷ್ಟ್ರಕ್ಕುಂಟು. ಆದರೆ ಆ ಕೇಳ್ವಿ ಎಲ್ಲರಿಗೂ ಸಮನಾಗಿರಬೇಕು; ಹಣದ ಲೆಕ್ಕ ಕೇಳುವ ನೆಪದಲ್ಲಿ ನೆರೆಯವನ ನಂಬಿಕೆಯ ಲೆಕ್ಕ ಕೇಳಬಾರದು. 1914ರಲ್ಲಿ ಆದ ಅನ್ಯಾಯವೂ ಇದೇ: ಹುಟ್ಟಿದ ದೇಶವನ್ನು ನೋಡಿ ಮನುಷ್ಯನನ್ನು ಶತ್ರುವೆಂದು ಎಣಿಸಿದ್ದು.

ಇಷ್ಟಾಗಿ, ಹುಡುಗನಿಗೆ ನಾನು ಕೊಡುವ ಉತ್ತರವೇನು? ಹಂಗು ಬೇರೆ, ಋಣ ಬೇರೆ. ಕೊಟ್ಟವನ ಕೈಯಲ್ಲೇ ಹಿಡಿ ಉಳಿದರೆ ಅದು ಹಂಗು. ಪಡೆದವನು ಅದನ್ನು ತನ್ನದಾಗಿಸಿಕೊಂಡು ಬೆಳೆಸಿದರೆ ಅದು ಋಣ. ಕಿಟೆಲ್ಲನ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದ್ರಾಸು ವಿಶ್ವವಿದ್ಯಾಲಯ 1968ರಿಂದ 1971ರ ಅವಧಿಯಲ್ಲಿ ಅದನ್ನು ಪ್ರಕಟಿಸಿತು. ಕನ್ನಡಿಗನ ಕೈ ತಗುಲಿದ ಆ ಗಳಿಗೆಯಲ್ಲಿ ಹಂಗು ಹರಿಯಿತು, ಋಣ ಉಳಿಯಿತು. ಋಣವನ್ನು ಒಪ್ಪಿಕೊಳ್ಳಲು ಯಾರ ಮುಂದೆಯೂ ತಲೆಬಾಗಬೇಕಾಗಿಲ್ಲ, ಮಗು. ನಿಘಂಟಿನ ಪುಟ ತಿರುವಿದರೆ ಸಾಕು.