ವೈಟ್‌ಫೀಲ್ಡ್ ರೈಲಿನ ಕೂಸೇ?

ಪ್ರಶ್ನೆ: ರೈಲ್ವೆ ಹಳಿ ಹಾಕುವಾಗಲೇ ವೈಟ್‌ಫೀಲ್ಡ್ ಹುಟ್ಟಿತು ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ಮಾತ್ರ ನಿಜ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ವೈಟ್‌ಫೀಲ್ಡ್ ಹುಟ್ಟಿದ್ದು ಅದಾದ 18 ವರ್ಷಕ್ಕೆ. ಆಂಗ್ಲೋ-ಇಂಡಿಯನ್ನರ ಸಂಘ ಕಟ್ಟಿದ್ದ ಡಿ.ಎಸ್. ವೈಟ್, ತಮ್ಮವರು ಸರ್ಕಾರಿ ನೌಕರಿಗೇ ಜೋತುಬೀಳದೆ ಬೇಸಾಯ ಮಾಡಿ ಬದುಕಲೆಂದು ಬಯಸಿದರು. 1882ರಲ್ಲಿ ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಸುಮಾರು 3,900 ಎಕರೆ ಕೊಟ್ಟರು. ವೃತ್ತಾಕಾರದ ಬೀದಿಗಳ ಆ ಊರಿನ ಗುರುತಾಗಿ ಇನ್ನರ್ ಸರ್ಕಲ್ ಈಗಲೂ ಇದೆ. ನಿಲ್ದಾಣವೋ ಅಲ್ಲಿಂದ ಮೈಲಿಗಟ್ಟಲೆ ದೂರ, ಕಾಡುಗೋಡಿಯಲ್ಲಿ! ರೈಲು ಊರನ್ನು ಹೆರಲಿಲ್ಲ, ಸಾಕಿತು ಅಷ್ಟೇ.

ರೈಲೇ ಹೆತ್ತ ಊರು ಬೇಕೆಂದರೆ ಅದೇ ಹಳಿಯಲ್ಲಿ ಇನ್ನೂ ಮುಂದೆ, ಬಂಗಾರಪೇಟೆಗೆ ಹೋಗಬೇಕು.

ಹಳಿ ಬಂದ ಮೇಲೆ ನಿಲ್ದಾಣದ ಸುತ್ತ ಪೇಟೆ ಬೆಳೆಯಿತು. ಆಗಿನ ಮೈಸೂರು ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆಯಾಯಿತು. ಹಳೆಯ ಮದ್ರಾಸ್ ರಸ್ತೆಯ ಮೇಲಿದ್ದ ಬೇತಮಂಗಲಕ್ಕೆ ಇದರಿಂದ ಪೆಟ್ಟು ಬಿತ್ತು: ರೈಲು ಪಯಣಿಗರನ್ನು ಸೆಳೆದುಕೊಂಡಿತು, ತಾಲ್ಲೂಕು ಕೇಂದ್ರವೂ ಬೌರಿಂಗ್‌ಪೇಟೆಯ ಪಾಲಾಯಿತು. 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳು ಕುದುರಿದವು. 1894ರಲ್ಲಿ ಗಣಿಗೆ ಕವಲು ಹಳಿ ಬಿತ್ತು, ಪೇಟೆ ಜಂಕ್ಷನ್ ಆಯಿತು. 1913ರಲ್ಲಿ ಕೋಲಾರದತ್ತ ನ್ಯಾರೋಗೇಜ್ ರೈಲೂ ಇಲ್ಲಿಂದಲೇ ಹೊರಟಿತು.