ಮನೆಯ ಗಣಕಯಂತ್ರವೂ ಕಾರ್ಯಾಚರಣ ವ್ಯವಸ್ಥೆಯ ಬದಲಾವಣೆಯೂ: ಸೇಡಂ–ಚಿತ್ತಾಪುರ ಸೀಮೆಯನ್ನು ಕುರಿತ ಒಂದು ವಿವೇಚನೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಮನೆಗಳಲ್ಲಿ ಬಳಸುವ ಗಣಕಯಂತ್ರಗಳ ವಿಷಯದಲ್ಲಿ ಈಗ ಒಂದು ನಿರ್ಧಾರವನ್ನು ಕೈಗೊಳ್ಳಬೇಕಾಗಿದೆ. ೨೦೧೫ರ ಜುಲೈ ೨೯ರಂದು ಬಳಕೆಗೆ ಬಂದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಪೋಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ಯಂತ್ರವೇನೋ ಮೊದಲಿನಂತೆಯೇ ನಡೆಯುತ್ತದೆ. ಹಾಗಿದ್ದ ಮೇಲೆ ಹೊಸ ವ್ಯವಸ್ಥೆಗೆ ಹೋಗಬೇಕೆ, ಇದ್ದುದರಲ್ಲಿಯೇ ಇರಬೇಕೆ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೧. ಅವಧಿ ಮುಗಿಯುವುದೆಂದರೇನು?

ಯಂತ್ರದ ಅಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ಹೊಂದಿಸಿ ನಡೆಸುವುದು ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಕೋಟ್ಯಂತರ ಆಜ್ಞೆಗಳಿಂದ ಕೂಡಿದ ಇಂಥ ರಚನೆಯಲ್ಲಿ ದೋಷಗಳು ಉಳಿದೇ ಉಳಿಯುತ್ತವೆ. ಅವು ಕಂಡುಬಂದಂತೆಲ್ಲ ತಯಾರಕರು ತಿದ್ದುಪಡಿಗಳನ್ನು ಕಳುಹಿಸುತ್ತಾರೆ. ಅವಧಿ ಮುಗಿಯಿತೆಂದರೆ ಈ ತಿದ್ದುಪಡಿಗಳು ನಿಂತವೆಂದು ಅರ್ಥ. ದೋಷಗಳ ಶೋಧನೆಯು ಮಾತ್ರ ನಿಲ್ಲುವುದಿಲ್ಲ.

ಇದರ ಪರಿಣಾಮವನ್ನು ೨೦೧೭ರ ಮೇ ತಿಂಗಳಿನ ವಾನ್ನಾಕ್ರೈ ಪ್ರಕರಣವು ಸ್ಪಷ್ಟಪಡಿಸಿತು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುವ ಈ ದುಷ್ಟ ತಂತ್ರಾಂಶವು ಬಳಸಿಕೊಂಡ ದೋಷಕ್ಕೆ ಅದೇ ವರ್ಷದ ಮಾರ್ಚಿಯಲ್ಲಿಯೇ ತಿದ್ದುಪಡಿ ಬಂದಿದ್ದಿತು. ತಿದ್ದುಪಡಿಯನ್ನು ಅಳವಡಿಸಿಕೊಂಡಿದ್ದ ಯಂತ್ರಗಳು ಪಾರಾದವು, ಅಳವಡಿಸಿಕೊಳ್ಳದಿದ್ದವು ತುತ್ತಾದವು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳ ಕಾರ್ಯವೇ ಅಸ್ತವ್ಯಸ್ತವಾಯಿತು. ಎರಡೇ ತಿಂಗಳ ಉಪೇಕ್ಷೆಯ ಫಲ ಇದಾದರೆ, ತಿದ್ದುಪಡಿಯೇ ಬಾರದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಎಷ್ಟು ಉಚಿತವೆಂಬುದನ್ನು ಓದುಗರೇ ಊಹಿಸಬಹುದು. ಅಂತರ್ಜಾಲದ ಸಂಪರ್ಕವೇ ಇಲ್ಲದೆ ಬರವಣಿಗೆಗೆ ಮಾತ್ರ ಬಳಸುವ ಯಂತ್ರಕ್ಕೆ ಅಪಾಯ ಕಡಿಮೆ. ಆದರೆ ಪೆನ್‌ಡ್ರೈವ್ ಮೂಲಕವೂ ಸೋಂಕು ಬರಬಲ್ಲದೆಂಬುದನ್ನು ಮರೆಯಲಾಗದು.

೨. ಯಂತ್ರದ ಅರ್ಹತೆ

೨೦೨೧ರ ಅಕ್ಟೋಬರ್ ೫ರಂದು ಹೊರಬಂದ ವಿಂಡೋಸ್ ೧೧ ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ೪ ಗಿಗಾಬೈಟ್ ಸ್ಮರಣೆ, ೬೪ ಗಿಗಾಬೈಟ್ ಸಂಗ್ರಹ, ೬೪ ಬಿಟ್‌ನ ಸಂಸ್ಕಾರಕ ಇವು ಕನಿಷ್ಠ ಬೇಡಿಕೆಗಳು. ಇವುಗಳಿಗಿಂತ ಕಠಿಣವಾದುದು ಟಿಪಿಎಂ ೨.೦ ಎಂಬ, ಗುಪ್ತ ಕೀಲಿಗಳನ್ನು ಕಾಪಾಡುವ ಅಂಗದ ಬೇಡಿಕೆ. ಇಂಟೆಲ್ ಸಂಸ್ಕಾರಕಗಳಲ್ಲಿ, ಕೆಲವೇ ಅಪವಾದಗಳನ್ನು ಬಿಟ್ಟರೆ, ೨೦೧೭ರಿಂದ ಬಂದ ಎಂಟನೆಯ ಪೀಳಿಗೆಯವೂ ಅನಂತರದವೂ ಮಾತ್ರ ಮಾನ್ಯವಾಗಿವೆ. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ಮೂಲ ಸಂಯೋಜನೆಯಲ್ಲಿ ಮುಚ್ಚಿರುವುದುಂಟು. ಅದನ್ನು ತೆರೆದರೆ ಸಾಕಾಗುತ್ತದೆ. ಮೈಕ್ರೋಸಾಫ್ಟಿನದೇ ಆದ ಪಿಸಿ ಹೆಲ್ತ್ ಚೆಕ್ ಎಂಬ ಉಪಕರಣದಿಂದ ಅರ್ಹತೆಯನ್ನು ತಿಳಿಯಬಹುದು. ಅರ್ಹ ಯಂತ್ರಕ್ಕೆ ಹೊಸ ವ್ಯವಸ್ಥೆಯು ಉಚಿತ. ನಿಬಂಧನೆಗಳನ್ನು ತಪ್ಪಿಸಿ ಅಳವಡಿಸುವ ಉಪಾಯಗಳನ್ನು ಅಂಗಡಿಗಳಲ್ಲಿ ಸೂಚಿಸಬಹುದು. ಆದರೆ ಹಾಗೆ ಮಾಡಿದ ಯಂತ್ರಕ್ಕೆ ಮುಂದಿನ ತಿದ್ದುಪಡಿಗಳ ಭರವಸೆಯಿಲ್ಲ. ಯಾವುದಕ್ಕಾಗಿ ಬದಲಾವಣೆ ಮಾಡಿಕೊಂಡೆವೋ ಅದೇ ಇಲ್ಲವಾದಂತಾಗುತ್ತದೆ.

೩. ಕನ್ನಡ ಬರಹಗಳ ಪ್ರಶ್ನೆ

ನಮ್ಮ ಓದುಗರ ಮಟ್ಟಿಗೆ ಇದೇ ಮುಖ್ಯವಾದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ೧೯೯೧ರ ಯೂನಿಕೋಡ್ ಸಂಕೇತ ಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ವಿಂಡೋಸಿನಲ್ಲಿ ಅದು ನೆಲೆಗೊಂಡುದು ೨೦೦೧ರ ಎಕ್ಸ್‌ಪಿ ಆವೃತ್ತಿಯಿಂದ. ಆದರೆ ೧೯೯೮ರಲ್ಲಿ ಶೇಷಾದ್ರಿವಾಸು ಅವರು ರೂಪಿಸಿದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಇರಿಸಿದ್ದವು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಇಂಥ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ.

ತೆಲಂಗಾಣದ ಗಡಿಗೆ ಹೊಂದಿದ ಸೇಡಂ, ಚಿಂಚೋಳಿಗಳಲ್ಲಿ ಒಂದೇ ಮನೆಯ ಯಂತ್ರದಲ್ಲಿ ಕನ್ನಡ, ತೆಲುಗು, ಉರ್ದು ಬರಹಗಳಿರುವುದು ಸಹಜ. ಹಳೆಯ ಪದ್ಧತಿಯಲ್ಲಿ ಒಂದೇ ಸಂಖ್ಯೆಯು ಒಂದು ಅಕ್ಷರಶೈಲಿಯಲ್ಲಿ ಕನ್ನಡವಾಗಿ, ಇನ್ನೊಂದರಲ್ಲಿ ತೆಲುಗಾಗಿ ತೋರಬಹುದು. ಯೂನಿಕೋಡಿನಲ್ಲಾದರೋ ಕನ್ನಡಕ್ಕೂ ತೆಲುಗಿಗೂ ತಲಾ ೧೨೮ ಸ್ಥಾನಗಳ ಪ್ರತ್ಯೇಕ ಖಂಡಗಳಿದ್ದು ಈ ಗೊಂದಲಕ್ಕೆ ಎಡೆಯಿಲ್ಲ.

ಆದುದರಿಂದ ವ್ಯವಸ್ಥೆಯನ್ನು ಬದಲಿಸುವ ಮುನ್ನ ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಲೇಸು. ಪರಿವರ್ತಕ ತಂತ್ರಾಂಶಗಳಿವೆಯಾದರೂ ಅವುಗಳ ಫಲವನ್ನು ಕಣ್ಣಿಟ್ಟು ನೋಡಬೇಕು. ಉದಾಹರಣೆಗೆ ‘ಧರ್ಮ’ ಎಂಬ ಶಬ್ದದಲ್ಲಿ ಅರ್ಕಾವತ್ತು ಹಳೆಯ ಪದ್ಧತಿಯಲ್ಲಿ ಮಕಾರದ ತರುವಾಯ ದಾಖಲಾಗುತ್ತಿತ್ತು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವು ಮಕಾರಕ್ಕೆ ಮೊದಲು ಬರುತ್ತದೆ. ಈ ಸ್ಥಾನಪಲ್ಲಟದಲ್ಲಿ ದೋಷಗಳು ನುಸುಳುತ್ತವೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದಲ್ಲಿ ಪರಿವರ್ತಕವು ಅವನ್ನೂ ಕನ್ನಡದ ಆಕೃತಿಗಳೆಂದೇ ಭಾವಿಸಿ ಕೆಡಿಸುವುದುಂಟು. ಮೂಲಪ್ರತಿಯನ್ನು ಅಕ್ಷರಶೈಲಿಯೊಡನೆ ಬೇರೆ ಡಿಸ್ಕಿನಲ್ಲಿ ಕಾದಿರಿಸಿಯೇ ಈ ಕಾರ್ಯಕ್ಕೆ ತೊಡಗಬೇಕು.

ಸೇಡಂ ತಾಲ್ಲೂಕಿನ ಮಳಖೇಡವು ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗವು ಹುಟ್ಟಿದ ಆಸ್ಥಾನದ ರಾಜಧಾನಿ. ಓಲೆಗಳು ಜೀರ್ಣವಾದಂತೆ ಪ್ರತಿಕಾರರು ಹೊಸ ಓಲೆಗೆ ಎತ್ತಿಕೊಳ್ಳುತ್ತ ಬಂದುದರಿಂದಲೇ ಅಂಥ ಗ್ರಂಥಗಳು ನಮಗೆ ಉಳಿದಿವೆ. ಸಂಗ್ರಹಿಸಿದ ಜನಪದ ಗೀತೆಗಳು, ಪ್ರಬಂಧಗಳ ಕರಡುಗಳು, ಪಾಠದ ಟಿಪ್ಪಣಿಗಳು ಇವುಗಳಿಗೂ ಇಂದು ಅಂಥದೇ ಪ್ರತಿಕಾರ್ಯ ಬೇಕಾಗಿದೆ.

೪. ಅರ್ಹವಲ್ಲದ ಯಂತ್ರಗಳ ಗತಿ

ಮನೆಯ ಬಳಕೆದಾರರು ನೋಂದಾಯಿಸಿಕೊಂಡಲ್ಲಿ ವಿಂಡೋಸ್ ೧೦ಕ್ಕೆ ೨೦೨೬ರ ಅಕ್ಟೋಬರ್ ೧೩ರವರೆಗೆ ಭದ್ರತಾ ತಿದ್ದುಪಡಿಗಳನ್ನು ನೀಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಇದು ಕಾಲಾವಕಾಶವೇ ಹೊರತು ಪರಿಹಾರವಲ್ಲ. ಎರಡನೆಯ ದಾರಿ ಲಿನಕ್ಸ್. ೨೦೨೪ರ ಏಪ್ರಿಲಿನಲ್ಲಿ ಬಂದ ಉಬುಂಟು ೨೪.೦೪ಕ್ಕೆ ಐದು ವರ್ಷಗಳ ಉಚಿತ ಪೋಷಣೆಯಿದೆ. ಪೆನ್‌ಡ್ರೈವಿನಿಂದಲೇ ನಡೆಸಿ, ಯಂತ್ರದಲ್ಲಿ ಏನನ್ನೂ ಬದಲಿಸದೆ ಪರೀಕ್ಷಿಸಬಹುದು. ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವು ಅದರಲ್ಲಿಯೂ ಲಭ್ಯವಿರುವುದರಿಂದ ಬೆರಳಿನ ಅಭ್ಯಾಸ ಕೆಡದು. ಕೇರಳದ ಶಾಲೆಗಳು ಇಂಥ ಮುಕ್ತ ತಂತ್ರಾಂಶವನ್ನು ಬಹು ವರ್ಷಗಳಿಂದ ಬೋಧನೆಗೆ ಬಳಸುತ್ತ ಬಂದಿವೆ. ವಿಂಡೋಸಿಗಾಗಿಯೇ ರಚಿತವಾದ ಲೆಕ್ಕಪತ್ರದ ತಂತ್ರಾಂಶವನ್ನು ಅವಲಂಬಿಸಿದವರಿಗೆ ಮಾತ್ರ ಈ ದಾರಿ ಸುಗಮವಲ್ಲ.

ಯಂತ್ರವು ನಿಧಾನವಾಗಿದೆಯೆಂಬ ಒಂದೇ ಕಾರಣಕ್ಕೆ ವ್ಯವಸ್ಥೆಯನ್ನು ಬದಲಿಸುವುದು ಯುಕ್ತವಲ್ಲ. ಸುಣ್ಣಕಲ್ಲಿನ ಗಣಿಗಳೂ ಸಿಮೆಂಟು ಕಾರ್ಖಾನೆಗಳೂ ಇರುವ ಈ ಸೀಮೆಯಲ್ಲಿ ಧೂಳು ತುಂಬಿದ ಫ್ಯಾನು, ಬೇಸಗೆಯ ಕಾವು ಇವೇ ಕಾರಣವಾಗಿರಬಹುದು. ಫ್ಯಾನನ್ನು ಶುಚಿಗೊಳಿಸಿ, ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ.

೫. ನಿರ್ಣಯದ ಕ್ರಮ

ಮೇಲಿನ ವಿವೇಚನೆಯಿಂದ ಈ ಕ್ರಮವು ಸಿದ್ಧವಾಗುತ್ತದೆ. ಮೊದಲು ಕಡತಗಳ ಎರಡು ಪ್ರತಿಗಳು; ಅನಂತರ ಕನ್ನಡ ಬರಹಗಳ ಪರಿವರ್ತನೆ; ಆಮೇಲೆ ಅರ್ಹತೆಯ ಪರೀಕ್ಷೆ. ಯಂತ್ರವು ಅರ್ಹವಾಗಿದ್ದರೆ ವಿಂಡೋಸ್ ೧೧ಕ್ಕೆ ಹೋಗುವುದೇ ಉಚಿತ. ಅರ್ಹವಲ್ಲದಿದ್ದರೆ, ಅಂತರ್ಜಾಲದಲ್ಲಿ ಹಣದ ವ್ಯವಹಾರ ಮಾಡುವವರು ಲಿನಕ್ಸನ್ನಾಗಲಿ ಹೊಸ ಯಂತ್ರವನ್ನಾಗಲಿ ಆರಿಸಿಕೊಳ್ಳಬೇಕು. ಬದಲಾವಣೆಗೆ ಹಲವು ಗಿಗಾಬೈಟ್‌ಗಳನ್ನು ಇಳಿಸಿಕೊಳ್ಳಬೇಕಾಗುವುದರಿಂದ ಮೊಬೈಲಿನ ದಿನದ ಮಿತಿಯನ್ನೇ ನಂಬಿದವರು ಕಾಲೇಜಿನ ಸಂಪರ್ಕವನ್ನು ಬಳಸಿಕೊಳ್ಳುವುದು ಮೇಲು. ನಡುವೆ ವಿದ್ಯುತ್ತು ನಿಂತರೆ ವ್ಯವಸ್ಥೆ ಕೆಡಬಹುದಾದ್ದರಿಂದ ಬ್ಯಾಟರಿ ತುಂಬಿರಬೇಕು, ಇಲ್ಲವೆ ಯುಪಿಎಸ್ ಇರಬೇಕು. ವಿಂಡೋಸ್ ೧೧ ಹಿಡಿಸದಿದ್ದಲ್ಲಿ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ ಹತ್ತು ದಿನಗಳ ಅವಕಾಶವಿದೆ. ಪರೀಕ್ಷೆಯ ಅಂಕಪಟ್ಟಿಯನ್ನೋ ಪ್ರಬಂಧವನ್ನೋ ಒಪ್ಪಿಸಬೇಕಾದ ವಾರದಲ್ಲಿ ಈ ಕಾರ್ಯಕ್ಕೆ ಕೈಹಾಕದಿರುವುದು ವಿವೇಕ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಪ್ರತಿಯಿಲ್ಲದೆ ಕಳೆದ ಬರಹವನ್ನು ಕೊಳ್ಳಲಾಗದು.