ಕೈಯಳತೆಯಲ್ಲಿ ಬಂದೂಕು ಯಾರದು?

ಪೊಲೀಸ್ ಅಧಿಕಾರಿಗಳ ಸೊಂಟದ ರಿವಾಲ್ವರ್ ನಾವೆಲ್ಲ ನೋಡಿದ್ದೇವೆ. ಅದರ ಹಿಡಿಯ ತುದಿಯಿಂದ ಹೊರಟು ಹೆಗಲಿಗೋ ಬೆಲ್ಟಿಗೋ ಸೇರುವ ಹೆಣೆದ ಹಗ್ಗವನ್ನು ಗಮನಿಸಿದವರು ಕಡಿಮೆ. ಲ್ಯಾನ್ಯಾರ್ಡ್ ಎಂದು ಅದರ ಹೆಸರು. ಸಮವಸ್ತ್ರದ ಅಲಂಕಾರದಂತೆ ಕಂಡರೂ ಅದರ ಕೆಲಸ ಬೇರೆ: ಕೈತಪ್ಪಿದ ಅಥವಾ ಯಾರೋ ಕಿತ್ತುಕೊಂಡ ಆಯುಧ ಮೈಬಿಟ್ಟು ದೂರ ಹೋಗದಂತೆ ತಡೆಯುವುದು. ಕಾಶ್ಮೀರದಲ್ಲಿ ಕಾವಲಿಗಿದ್ದ ಜವಾನರು ರೈಫಲನ್ನು ಸರಪಳಿಯಿಂದ ಸೊಂಟಕ್ಕೆ ಕಟ್ಟಿಕೊಂಡದ್ದೂ ಇದೇ ಕಾರಣಕ್ಕೆ. ದಿನವಿಡೀ ಆಯುಧದೊಂದಿಗೆ ಬದುಕುವವರಿಗೇ ಈ ಭಯವಿದ್ದರೆ ಉಳಿದವರ ಪಾಡೇನು?

ಈ ಪ್ರಶ್ನೆ ಎದ್ದದ್ದು ನನ್ನ ಭಾವನಿಂದ. ಠಾಣೆಯಲ್ಲಿರುವ ಅವರ ಬಿಲ್ಡಿಂಗಿನಲ್ಲಿ ದೀಪಾವಳಿ ರಜೆಯಲ್ಲಿ ಎರಡು ಮನೆಗಳಿಗೆ ಕಳ್ಳರು ನುಗ್ಗಿದರು. ಅಂದಿನಿಂದ ಭಾವನಿಗೆ ರಿವಾಲ್ವರ್ ಲೈಸೆನ್ಸಿನದೇ ಧ್ಯಾನ. "ಅರ್ಜಿ ಆನ್‌ಲೈನಂತೆ ಮಾರಾಯ, ನೀನು ಕಂಪ್ಯೂಟರಿನವ, ತುಂಬಿಸಿ ಕೊಡು" ಎಂದರು. ಅರ್ಜಿ ತುಂಬಿಸುವುದು ಒಂದು ಸಂಜೆಯ ಕೆಲಸ. ಆದರೆ ಕಳ್ಳ ಕೈಗೆಟಕುವಷ್ಟು ಹತ್ತಿರ ಬಂದ ಮೇಲೆ ಆ ರಿವಾಲ್ವರ್ ಯಾರದು ಎಂಬುದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲ್ಲರ್ 1983ರಲ್ಲಿ ಒಂದು ಲೇಖನ ಬರೆದರು. ಚಾಕು ಹಿಡಿದು ಓಡಿಬರುವವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ, ನುರಿತ ಪೊಲೀಸನಿಗೂ ಹೋಲ್‌ಸ್ಟರಿನಿಂದ ಆಯುಧ ತೆಗೆದು ಗುರಿಯಿಟ್ಟು ಹೊಡೆಯಲು ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು ಎಂಬುದು ಅದರ ಸಾರ. ಭಾವನ ಹಾಲನ್ನು ಟೇಪ್ ಹಿಡಿದು ಅಳೆದೆ. ಬಾಗಿಲಿನಿಂದ ಸೋಫಾದವರೆಗೆ ಹದಿಮೂರು ಅಡಿ! ನಮ್ಮ ಮುಂಬೈ ಕಡೆಯ ಮನೆಗಳಲ್ಲಿ 21 ಅಡಿ ಬೇಕೆಂದರೆ ಗೋಡೆ ಒಡೆದು ಪಕ್ಕದ ಮನೆಗೆ ಹೋಗಬೇಕು.

ಇನ್ನು ಕೈಕೈ ಹತ್ತಿದ ಮೇಲಿನ ಮಾತು. ಸಿನಿಮಾದವರಂತೆ ಎರಡೂ ತೋಳು ಚಾಚಿ ಹಿಡಿದರೆ ಆಯುಧ ನಮಗಿಂತ ಎದುರಾಳಿಗೇ ಹತ್ತಿರ. ಬಾಗಿಲನ್ನು ತಿರುಗಣೆಯಿಂದ ದೂರದ ಅಂಚಿನಲ್ಲಿ ತಳ್ಳಿದರೆ ಸಲೀಸಾಗಿ ತೆರೆಯುವಂತೆ, ನಳಿಗೆಯ ತುದಿ ಸಿಕ್ಕವನು ಕಡಿಮೆ ಬಲದಲ್ಲೇ ನಮ್ಮ ಮಣಿಕಟ್ಟನ್ನು ತಿರುಚಬಲ್ಲ. ಸುತ್ತಿಗೆ ಎಳೆದಿಡದ ರಿವಾಲ್ವರಿನ ಸಿಲಿಂಡರನ್ನು ಅವನು ಬಿಗಿಯಾಗಿ ಅಮುಕಿ ಹಿಡಿದರೆ ಅದು ತಿರುಗುವುದಿಲ್ಲ, ಟ್ರಿಗರ್ ಕದಲುವುದಿಲ್ಲ. ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಡಿದರೆ ಒಂದು ಗುಂಡು ಹಾರಿದರೂ ಮುಂದಿನದು ತಾನಾಗಿ ಏರದೇ ಹೋಗಬಹುದು. ಆಮೇಲೆ ಕೈಯಲ್ಲಿರುವುದು ಬರೀ ಕಬ್ಬಿಣದ ತುಂಡು.

ಪೊಲೀಸರು ತಮ್ಮದೇ ಆಯುಧಕ್ಕೆ ಬಲಿಯಾಗುವುದನ್ನು ತಡೆಯಲೆಂದು ಕನ್ಸಾಸ್ ಸಿಟಿಯ ಪೊಲೀಸ್ ಅಕಾಡೆಮಿಯಲ್ಲಿ ಜಿಮ್ ಲಿಂಡೆಲ್ 1970ರ ದಶಕದಲ್ಲಿ ಪಾಠಕ್ರಮವನ್ನೇ ರೂಪಿಸಿದರು. ಇಂಥ ತರಬೇತಿಗಳ ತಿರುಳು ಸರಳ. ಆಯುಧ ಹೋಲ್‌ಸ್ಟರಿನಲ್ಲಿದ್ದಾಗ ಕಿತ್ತುಕೊಳ್ಳಲು ಬಂದರೆ ಅದನ್ನು ಮೇಲಿನಿಂದ ಒತ್ತಿಹಿಡಿದು ಆ ಸೊಂಟವನ್ನು ಹಿಂದಕ್ಕೆ ತಿರುಗಿಸಬೇಕು. ಕೈಯಲ್ಲಿದ್ದರೆ ಮೊಣಕೈಯನ್ನು ಪಕ್ಕೆಲುಬಿಗೆ ಅಂಟಿಸಿ ಆಯುಧವನ್ನು ಎದೆಯ ಪಕ್ಕಕ್ಕೆ ಎಳೆದುಕೊಳ್ಳಬೇಕು, ಇನ್ನೊಂದು ಕೈಯಿಂದ ಅವನನ್ನು ತಡೆಯುತ್ತ ಓರೆಯಾಗಿ ಹಿಂದೆ ಸರಿಯಬೇಕು. ಓದಲು ಇಷ್ಟೇ. ಮೈಗೆ ಹತ್ತಬೇಕಾದರೆ ನೂರಾರು ಸಲ ಮಾಡಬೇಕು.

ಹಿಡಿದ ನಳಿಗೆಯ ಬೆಲೆ ಏನೆಂದು ಮುಂಬೈಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 2008ರ ನವೆಂಬರ್ 26ರ ರಾತ್ರಿ ಗಿರ್‌ಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಕಾರಿನಲ್ಲಿದ್ದ ಕಸಬ್‌ನ ಎಕೆ-47ರ ನಳಿಗೆಯನ್ನು ಎಎಸ್‌ಐ ತುಕಾರಾಂ ಓಂಬ್ಳೆ ಹಿಡಿದುಕೊಂಡರು. ಅವರ ಬಳಿ ಇದ್ದದ್ದು ಲಾಠಿ. ಗುಂಡುಗಳು ಮೈಹೊಕ್ಕರೂ ಬಿಡಲಿಲ್ಲ. ಆ ಕೆಲವೇ ಕ್ಷಣಗಳಲ್ಲಿ ಸಹೋದ್ಯೋಗಿಗಳು ಕಸಬ್‌ನನ್ನು ಕೆಡವಿ ಜೀವಂತ ಹಿಡಿದರು. 2009ರಲ್ಲಿ ಓಂಬ್ಳೆಯವರಿಗೆ ಮರಣೋತ್ತರ ಅಶೋಕ ಚಕ್ರ ಬಂತು. ತರಬೇತಿ ಪಡೆದ ಕೊಲೆಗಡುಕನ ಕೈಯ ರೈಫಲ್ ಕೂಡ ಒಬ್ಬ ಮನುಷ್ಯ ಅಂಟಿಕೊಂಡ ಮೇಲೆ ಅವನ ಇಷ್ಟದಂತೆ ತಿರುಗಲಿಲ್ಲ. ಹಿಡಿದವರು ಮಾತ್ರ ಉಳಿಯಲಿಲ್ಲ. ಬಂದೂಕಿಗಾಗಿ ಇಬ್ಬರು ಎಳೆದಾಡುವಾಗ ಯಾರಿಗೂ ಸುರಕ್ಷಿತ ಜಾಗವೆಂಬುದು ಇರುವುದಿಲ್ಲ. ಭಾವನ ಹಾಲಿನಲ್ಲಾದರೆ ಅತ್ತ ಇತ್ತ ಅಕ್ಕ ಮತ್ತು ಮಕ್ಕಳೂ ಇರುತ್ತಾರೆ.

"ಕೊಡಗಿನವರ ಮನೆಯಲ್ಲಿ ಕೋವಿ ಇಲ್ಲವೇ?" ಎಂದು ಭಾವ ಕೇಳಿದರು. ಇದೆ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಆದರೆ ಅದು ಹಬ್ಬಕ್ಕೆ, ಮನೆತನದ ಗೌರವಕ್ಕೆ, ತೋಟದ ವಿಸ್ತಾರಕ್ಕೆ ಹೊಂದಿದ ಆಯುಧ. ಚಿಕ್ಕಂದಿನಿಂದ ಅದನ್ನು ಹಿಡಿಯುವ ರೀತಿ ಕಲಿಸುವ ಹಿರಿಯರೂ ಅಲ್ಲಿದ್ದಾರೆ. ಲಿಫ್ಟಿನಲ್ಲಿ, ಕಾರಿಡಾರಿನಲ್ಲಿ ಎದುರಾಗುವವನಿಗೆ ಅದು ಉತ್ತರವಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳು ಲೈಸೆನ್ಸಿಗೆ ಸುರಕ್ಷತಾ ತರಬೇತಿಯನ್ನು ಕೇಳುತ್ತವೆ. ಒಳ್ಳೆಯದೇ. ಆದರೆ ರೇಂಜಿನ ಕಾಗದದ ಗುರಿ ನಮ್ಮ ಕೈ ಹಿಡಿಯಲು ಬರುವುದಿಲ್ಲ. ಭಾವನಿಗೆ ನಾನು ಇಟ್ಟ ಷರತ್ತು ಇಷ್ಟು. ಮೊದಲು ಬಾಗಿಲಿಗೆ ಗ್ರಿಲ್ ಮತ್ತು ಒಳಚಿಲಕ. ಆಮೇಲೆ ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಪಿಸ್ತೂಲು ಹಿಡಿದು ನಿಲ್ಲಬೇಕು, ಕಾಲೇಜಿಗೆ ಹೋಗುವ ಅವರ ಮಗ ಅದನ್ನು ಕಿತ್ತುಕೊಳ್ಳಲು ನೋಡಬೇಕು. ಹತ್ತರಲ್ಲಿ ಎಂಟು ಸಲ ಅದು ಭಾವನ ಕೈಯಲ್ಲೇ ಉಳಿದರೆ ಅರ್ಜಿ ತುಂಬಿಸಲು ಕೂರುತ್ತೇನೆ. ಗ್ರಿಲ್ಲಿನವನು ಕಳೆದ ವಾರ ಅಳತೆ ತೆಗೆದುಕೊಂಡು ಹೋಗಿದ್ದಾನೆ.